ಸ್ಟೂಲಿನ ಅಡಿಯ ಬೆಲೆ ಚೀಟಿ

ಸೋಮವಾರ, ನಾಲ್ಕನೇ ತಾರೀಕು

ಪ್ರೀತಿಯ ಅಳಿಲುಮರಿಗೆ,

ಅಮ್ಮನ ಆಶೀರ್ವಾದ. ಪತ್ರ ಅಂದಮೇಲೆ ಇಲ್ಲಿ ನಾವು ಕ್ಷೇಮ, ಅಲ್ಲಿ ನೀನು ಕ್ಷೇಮ ಅಂತ ಶುರು ಮಾಡಬೇಕು, ನಮ್ಮ ಶಾಲೆಯ ಮೇಷ್ಟ್ರು ಹಾಗೇ ಕಲಿಸಿದ್ದರು. ಆದರೆ ನಾನು ಕ್ಷೇಮವೋ ಅಲ್ಲವೋ ಅನ್ನುವುದನ್ನು ಈ ಸಲ ನೀನೇ ಹೇಳಬೇಕಾಗಿದೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಮನೆಯಲ್ಲಿ ಫೋನ್ ಮಾಡಿದರೆ ಮನೆಯವರಿಗೆ ಕೇಳಿಸುತ್ತದೆ. ಕೆಲಸದ ನಡುವೆ ಲಾಡ್ಜಿನ ಬಟ್ಟೆಕೋಣೆಯಿಂದ ಮಾಡಿದರೆ ಇಸ್ತ್ರಿಯವಳಿಗೆ ಕೇಳಿಸುತ್ತದೆ, ಅವಳಿಗೆ ಕೇಳಿಸಿದ್ದು ಊರಿಗೆಲ್ಲ ಡಂಗುರ. ಮೆಸೇಜು ಬರೆದು ಕಳಿಸೋಣವೆಂದರೆ ಫೋನಿನಲ್ಲಿದ್ದದ್ದೆಲ್ಲ ಹೋಗಿ ನಿನ್ನ ಆ ಕಪ್ಪು ಪೆಟ್ಟಿಗೆಯಲ್ಲೇ ಕೂರುತ್ತದಂತೆ. ನನಗೆ ಸಂಶಯ ಬಂದಿರುವುದೇ ಆ ಪೆಟ್ಟಿಗೆಯ ಮೇಲೆ. ಅದರ ಎದುರಿಗೇ ಅದರ ಮೇಲೆ ಚಾಡಿ ಹೇಳಲೇ?

ನೀನು ಅದನ್ನು ತಂದಿಟ್ಟಾಗ ಹೇಳಿದ್ದು ನೆನಪಿದೆಯಲ್ಲ. ಮನೆಯವರ ಫೋಟೋ, ಕಾಗದಪತ್ರ, ಹಾಡು ಎಲ್ಲ ಇದರಲ್ಲಿ ಇರಲಿ, ಒಬ್ಬೊಬ್ಬರಿಗೂ ಒಂದೊಂದು ಕೋಣೆ ಮಾಡಿಕೊಡುತ್ತೇನೆ, ಯಾರ ಕೋಣೆಗೆ ಯಾರು ಬರಬಹುದು ಅಂತ ನೀವೇ ಹೇಳಿ ಅಂದಿದ್ದೆ. ನನ್ನ ಕೋಣೆಗೆ ನಾನು ಹಾಡುವ ದೇವರ ಹಾಡು ತುಂಬಿದೆವು. ಮನೆಯವರು ಯಾರು ಬೇಕಾದರೂ ಕೇಳಲಿ, ನಿನ್ನ ಅತ್ತಿಗೆ ಒಬ್ಬಳು ಬೇಡ ಅಂದೆ. ಕಾರಣ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದು ಸಂಜೆ ಹಾಡು ಮುಗಿದ ಮೇಲೆ ಫೋನಿನಲ್ಲಿ ರೆಕಾರ್ಡು ಮಾಡುವ ಆ ಕೆಂಪು ಗುಂಡಿ ಆರಿಸಲು ಮರೆತೆ. ಹಾಡಿನ ಹಿಂದೆಯೇ ನನ್ನ ಪ್ರಾರ್ಥನೆಯೂ ಅದರೊಳಗೆ ಹೋಯಿತು. ಮರುದಿನ ಕೇಳಿದಾಗ, ಹೇಳಿದ ಮಾತು ಗಾಳಿಗೆ ಹೋಗಿಲ್ಲ, ಎಲ್ಲೋ ತಲುಪಿದೆ ಅನ್ನಿಸಿತು. ನಿನಗೆ ಗೊತ್ತು, ನಾನು ಮನಸ್ಸಿನಲ್ಲೇ ಬೇಡಿಕೊಳ್ಳಲು ಹೋದರೆ ಮಧ್ಯದಲ್ಲಿ ಲಾಡ್ಜಿನ ದಿಂಬಿನ ಚೀಲಗಳ ಯೋಚನೆ ನುಗ್ಗುತ್ತದೆ. ಬಾಯಿಬಿಟ್ಟು ಹೇಳಿದರೆ ಮಾತು ದಾರಿ ತಪ್ಪುವುದಿಲ್ಲ. ಅಂದಿನಿಂದ ಬೇಕೆಂದೇ ಗುಂಡಿ ಒತ್ತಿ ದೇವರ ಹತ್ತಿರ ಮಾತಾಡುತ್ತೇನೆ. ನೀವಿಬ್ಬರು ಮಕ್ಕಳು ಅದನ್ನೆಲ್ಲ ಕೂತು ಕೇಳುವಷ್ಟು ಪುರುಸೊತ್ತಿನವರಲ್ಲ ಅನ್ನುವ ಧೈರ್ಯ ನನಗೆ.

ಈಗ ಕೇಳು. ಹೋದ ತಿಂಗಳು ದೇವರಿಗೆ ಹೇಳಿದೆ, ಮೊಣಕಾಲು ಬಗ್ಗುವುದಿಲ್ಲಪ್ಪ, ಸ್ನಾನಕ್ಕೆ ಕೂರುವುದು ಕಷ್ಟ ಅಂತ. ಎರಡು ದಿನ ಬಿಟ್ಟು ಬಚ್ಚಲುಮನೆಯಲ್ಲಿ ಬಿಳಿ ಸ್ಟೂಲು! ನಿನ್ನ ಅಣ್ಣನನ್ನು ಕೇಳಿದರೆ, ಹೌದಾ, ಮೊದಲಿನಿಂದ ಇರಲಿಲ್ಲವಾ ಅಂದ. ಅವನು ಇಡೀ ದಿನ ಊರವರ ಲಿಫ್ಟು ರಿಪೇರಿ ಮಾಡುತ್ತಾನೆ, ತನ್ನ ಮನೆಯ ಬಚ್ಚಲಲ್ಲಿ ಆನೆ ಕೂತಿದ್ದರೂ ಅವನಿಗೆ ಕಾಣುವುದಿಲ್ಲ. ನಾನು ದೇವರೇ ಕೊಟ್ಟ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಕೈಮುಗಿದು ಅತ್ತೂಬಿಟ್ಟೆ. ಆಮೇಲೆ ಮೆಟ್ಟಿಲಿನ ದೀಪ ಕೆಟ್ಟಿದೆ, ಕಾಲು ಜಾರುವ ಭಯ ಅಂದೆ, ದೀಪ ಬಂತು. ಮಗ ಒಂದು ದಿನವೂ ಊಟ ಆಯಿತಾ ಅಂತ ಕೇಳುವುದಿಲ್ಲ ಅಂದೆ. ಮರುದಿನ ಮಧ್ಯಾಹ್ನ ನಿನ್ನ ಅಣ್ಣ ಲಾಡ್ಜಿಗೆ ಫೋನ್ ಮಾಡಿ, ಅಮ್ಮ ಊಟ ಆಯಿತಾ ಅಂದ, ನಾನು ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟ. ಯಾರೋ ಬಾಯಿಪಾಠ ಮಾಡಿಸಿದ ಹಾಗಿತ್ತು. ನಿನ್ನ ಅತ್ತಿಗೆ ಕಸ ಗುಡಿಸಿದರೆ ಕಸ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮನೆ ಬದಲಾಯಿಸುತ್ತದೆ ಅಷ್ಟೇ ಅಂದಿದ್ದೆ. ಈಗ ಮೂಲೆಗಳು ಕನ್ನಡಿ.

ನನ್ನ ಭಕ್ತಿ ಮುರಿದದ್ದು ನಿನ್ನೆ ಭಾನುವಾರ. ಸ್ಟೂಲು ತೊಳೆಯೋಣ ಅಂತ ಮಗುಚಿದೆ, ಅಡಿಯಲ್ಲಿ ಅಂಗಡಿಯ ಬೆಲೆ ಚೀಟಿ ಅಂಟಿಕೊಂಡಿತ್ತು. ದೇವರು ಕೊಡುತ್ತಾನೆ ಅನ್ನುವುದು ನಿಜ, ಆದರೆ ರಿಯಾಯಿತಿ ದರದಲ್ಲಿ ತಂದು ಕೊಡುವುದಿಲ್ಲ ಕಣೇ. ಯಾರೋ ನನ್ನ ಕೋಣೆಗೆ ಬಂದಿದ್ದಾರೆ. ನಾನು ದೇವರಿಗೆ ಹೇಳಿದ್ದನ್ನು ಕದ್ದು ಕೇಳುತ್ತಿದ್ದಾರೆ.

ನನ್ನ ಮೊದಲ ಅನುಮಾನ ನಿನ್ನ ಆಫೀಸಿನ ಗಡ್ಡದವನ ಮೇಲೆ. ನೀನು ಕಂಪ್ಯೂಟರಿಗೆ ಬರೆದದ್ದನ್ನೆಲ್ಲ ತಿದ್ದಿ, ಇದು ಸರಿಯಿಲ್ಲ ಅದು ಸರಿಯಿಲ್ಲ ಅಂತ ವಾಪಸು ಕಳಿಸುವವನು. ಪೆಟ್ಟಿಗೆ ಜೋಡಿಸಲು ನಿನ್ನ ಜೊತೆ ಬಂದಿದ್ದ, ನನಗೆ ಬೆನ್ನು ಹಾಕಿ ಕೂತು ಬಹಳ ಹೊತ್ತು ಏನೇನೋ ಕುಟ್ಟಿದ. ಹೊರಡುವಾಗ ಪೆಟ್ಟಿಗೆ ತಟ್ಟಿ, ಇನ್ನು ಇದು ನಮ್ಮದೂ ಹೌದು ಬಿಡಿ ಅಂದ. ನಮ್ಮದೂ ಅಂದರೆ ಏನರ್ಥ?

ಎರಡನೇ ಅನುಮಾನ ಬರೆಯಲು ಕೈ ಏಳುವುದಿಲ್ಲ. ಪೆಟ್ಟಿಗೆಗೆ ಒಬ್ಬ ಯಜಮಾನ ಇರುತ್ತಾನೆ, ಅವನಿಗೆ ಯಾವ ಕೋಣೆಯಲ್ಲೂ ತಡೆ ಇಲ್ಲ, ಆ ಯಜಮಾನ ನಾನೇ ಅಂತ ನೀನು ಅಂದು ಹೆಮ್ಮೆಯಿಂದ ಹೇಳಿದ್ದೆ. ಎಲ್ಲ ಕೋಣೆಯನ್ನೂ ನೋಡುವವನು ದೇವರೊಬ್ಬನೇ ಅಂತ ತಿಳಿದಿದ್ದೆ. ಹೆತ್ತ ಮಗಳೇ ಆದರೂ ಕೇಳಲೇಬೇಕು. ನೀನು ಕೇಳಿದೆಯಾ? ಕೇಳಿ ನಿನ್ನ ಅಣ್ಣನ ಕೈಯಲ್ಲಿ ಇದನ್ನೆಲ್ಲ ಮಾಡಿಸುತ್ತಿದ್ದೀಯಾ?

ನಿನ್ನ ಅತ್ತಿಗೆಯ ಮೇಲೂ ಕಣ್ಣಿದೆ. ಪಾತ್ರೆ ತೊಳೆಯುವಾಗ ಏನೋ ಗುನುಗುತ್ತಾಳೆ, ನಾನು ಹೋದ ಕೂಡಲೇ ನಿಲ್ಲಿಸುತ್ತಾಳೆ. ಆದರೆ ಅವಳಿಗೆ ತಡೆ ಹಾಕಿದ್ದೀಯಲ್ಲ, ಅವಳು ಹೇಗೆ ಬರುತ್ತಾಳೆ?

ಇಷ್ಟು ಗಾಬರಿ ಯಾಕೆ ಅಂತ ಕೇಳಬಹುದು. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇದ್ದಾಳಲ್ಲ, ಸಮುದ್ರದ ಕಡೆಯ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಅಲ್ಲಿನ ಲ್ಯಾಬಿನ ಮುಖ್ಯಸ್ಥೆಯಾಗಿ ಬಾ ಅಂತ ಕರೆದಿದೆ. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು. ಹೋದರೆ ನಿನ್ನ ಅಣ್ಣನೂ ಹೋಗುತ್ತಾನೆ, ಲಿಫ್ಟು ಎಲ್ಲ ಕಡೆ ಕೆಡುತ್ತವೆ. ಈ ವಿಷಯದಲ್ಲಿ ನಾನು ದೇವರಿಗೆ ಒಂದು ಮಾತು ಹೇಳಿದ್ದೇನೆ. ಅದು ಮನುಷ್ಯರ ಕಿವಿಗೆ ಬೀಳಬಾರದ ಮಾತು. ಬಿದ್ದರೆ ಈ ಮನೆ ಮನೆಯಾಗಿ ಉಳಿಯುವುದಿಲ್ಲ.

ಬೇಗ ಬರೆ. ಕಾಗದದಲ್ಲೇ ಬರೆ.

ಇತಿ,
ನಿದ್ದೆ ಕೆಟ್ಟಿರುವ ನಿನ್ನ ಅಮ್ಮ

ಮ.ಮ.: ಅಂಟಿನ ಮೇಲೆ ನಂಬಿಕೆಯಿಲ್ಲ, ಲಕೋಟೆಯ ಬಾಯಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದೇನೆ. ದಾರದ ಬಣ್ಣ ಬೇರೆ ಇದ್ದರೆ ತಿಳಿಸು.


ಗುರುವಾರ, ಹದಿನಾಲ್ಕನೇ ತಾರೀಕು

ಅಳಿಲುಮರಿ,

ಆಶೀರ್ವಾದ. ನಿನ್ನ ಪತ್ರ ಬಂತು. ನೀನೂ ದಾರ ಹೊಲಿದಿದ್ದೀಯ. ಹೊಲಿಗೆ ನೋಡಿದರೆ ಬಟ್ಟೆಕೋಣೆಯವಳ ಮಗಳು ಅಂತ ಯಾರೂ ನಂಬುವುದಿಲ್ಲ.

ನಾನು ಕೇಳಿಲ್ಲ ಅಮ್ಮ, ಆಣೆಗೂ ಇಲ್ಲ ಅಂತ ಬರೆದಿದ್ದೀಯ. ನಂಬಿದೆ. ತಪ್ಪು ಮಾತ್ರ ನನ್ನದೇ ಅಂತ ಪುಟಗಟ್ಟಲೆ ವಿವರಿಸಿದ್ದೀಯ. ಅದನ್ನು ಓದಿ, ಮತ್ತೆ ಓದಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಮತ್ತೊಮ್ಮೆ ಓದಿದೆ. ನಾನು ತಿಳಿದುಕೊಂಡದ್ದು ಸರಿಯೋ ನೋಡು.

ಯಂತ್ರದ ನಡುಮನೆಯಲ್ಲಿ ಕರ್ನೆಲ್ ಅಂತ ಒಬ್ಬ ಬಾಗಿಲು ಕಾಯುವವನು ಕೂತಿರುತ್ತಾನೆ. ಯಾವ ಫೈಲನ್ನು ಯಾರು ಮುಟ್ಟಬೇಕಾದರೂ ಅವನನ್ನು ದಾಟಿಯೇ ಹೋಗಬೇಕು. ಕೀಲಿ ಅಂದುಕೊಳ್ಳಬೇಡ ಅಮ್ಮ, ಕೀಲಿ ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ, ಇವನು ಮುಖ ನೋಡಿ ಬಿಡುವವನು ಅಂತ ಬರೆದಿದ್ದೀಯ. ನಾನು ಅಷ್ಟರಲ್ಲಾಗಲೇ ಕೀಲಿ ಅಂದುಕೊಂಡಾಗಿತ್ತು. ಇರಲಿ.

ಈ ಬಾಗಿಲಿನವನಿಗೆ ಎರಡು ಕಾನೂನು. ಹಳೆಯದರಲ್ಲಿ ಮೂರೇ ಪ್ರಶ್ನೆ. ನೀನು ಒಡೆಯನಾ, ಒಡೆಯನ ಗುಂಪಿನವನಾ, ಇಲ್ಲ ಹೊರಗಿನವನಾ? ಮೂವರಿಗೂ ಬೇರೆ ಬೇರೆ ಅಪ್ಪಣೆ, ಅಷ್ಟೇ, ಮುಗಿಯಿತು. ಹೊಸ ಕಾನೂನಿನಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಇಂಥವಳಿಗೆ ತಡೆ, ಮನೆಯವರಿಗೆ ಒಪ್ಪಿಗೆ, ಹೀಗೆ. ಮೇಲಿನಿಂದ ಓದುತ್ತಾ ಬರಬೇಕು, ಮೊದಲು ಹೊಂದಿದ ಸಾಲೇ ತೀರ್ಪು. ಅದಕ್ಕೇ ಕ್ರಮ ಮುಖ್ಯ ಅಂತ ಗೆರೆ ಎಳೆದು ಬರೆದಿದ್ದೀಯ. ತಡೆ ಮೇಲೆ, ಒಪ್ಪಿಗೆ ಕೆಳಗೆ. ತಿರುವುಮುರುವಾದರೆ ತಡೆ ಇದ್ದೂ ಇಲ್ಲದ ಹಾಗೆ. ಕೆಲವು ಡಿಸ್ಕುಗಳು ಹಳೆಯ ಕಾನೂನನ್ನು ಮಾತ್ರ ಬಲ್ಲವು, ಕೆಲವು ಹೊಸದನ್ನು. ಬಾಗಿಲಿನವನು ಯಾರನ್ನೂ ನಿನ್ನ ಭಾಷೆ ಬರುವುದಿಲ್ಲ ಹೋಗು ಅನ್ನುವ ಹಾಗಿಲ್ಲ. ಎರಡೂ ಕಾನೂನು ಒಂದೇ ಬಾಗಿಲಲ್ಲಿ ಜಗಳವಿಲ್ಲದೆ ನಡೆಯುವ ಹಾಗೆ ಮಾಡುವುದೇ ನಿನ್ನ ಈ ವರ್ಷದ ಕೆಲಸ. ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆ ಅಂತ ಹೇಳಬಾರದೇನೇ, ಇಷ್ಟು ಪುಟ ಯಾಕೆ ಬೇಕಿತ್ತು?

ಇನ್ನು ತಪ್ಪಿನ ವಿಷಯ. ಹಳೆಯ ಡಿಸ್ಕು ಕಟಕಟ ಅನ್ನುತ್ತಿದೆ ಅಂತ ನಿನ್ನ ಅಣ್ಣ ಹೊಸದು ತಂದು ಹಾಕಿದ, ನೀನು ನಿನ್ನ ಊರಿನಿಂದಲೇ ಎಲ್ಲವನ್ನೂ ಅದಕ್ಕೆ ಸಾಗಿಸಿದೆ. ಹಳೆಯದರಲ್ಲಿ ಇದ್ದದ್ದು ಹೊಸ ಕಾನೂನು, ಹೊಸದರಲ್ಲಿ ಇದ್ದದ್ದು ಹಳೆಯ ಕಾನೂನು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಒಬ್ಬಳನ್ನು ಹೆಸರು ಹಿಡಿದು ತಡೆಯುವುದು ಹಳೆಯ ಕಾನೂನಿಗೆ ಗೊತ್ತೇ ಇಲ್ಲ. ಆಗ ಗುಂಪನ್ನೇ ಪೂರ್ತಿ ಹೊರಗಿಡಬೇಕಿತ್ತಂತೆ. ಕಡಿಮೆ ಬಿಟ್ಟರೂ ಸರಿ, ಹೆಚ್ಚು ಬಿಡಬಾರದು ಅನ್ನುವುದು ನಿಮ್ಮ ಕಸುಬಿನ ಧರ್ಮವಂತೆ. ನೀನು ಬರೆದ ಪ್ರೋಗ್ರಾಮು ಒಪ್ಪಿಗೆಯ ಸಾಲನ್ನು ಹೊತ್ತು ತಂದಿತು, ತಡೆಯ ಸಾಲನ್ನು ದಾರಿಯಲ್ಲಿ ಬೀಳಿಸಿತು. ತಡೆದವಳು ಮನೆಯವರ ಗುಂಪಿನಲ್ಲಿ ಸಲೀಸಾಗಿ ಒಳಗೆ.

ನೀವು ಬರೆದದ್ದನ್ನು ಊರಿಗೆ ಬಡಿಸುವ ಮೊದಲು ನಿಮ್ಮ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಓಡಿಸಿ ನೋಡಬೇಕು, ಅದು ನಿಮ್ಮವರ ಪದ್ಧತಿ ಅಂದಿದ್ದೀಯ. ಒಳ್ಳೆಯ ಪದ್ಧತಿಯೇ. ಆದರೆ ನಿಮ್ಮ ಮನೆ ಅಂದರೆ ಅಮ್ಮನ ಮನೆ ಅಂತ ಎಲ್ಲಿ ಬರೆದಿದೆ? ಇದಕ್ಕೇ ಆ ಗಡ್ಡದವನು ನಮ್ಮದೂ ಹೌದು ಅಂದನಾ? ಪಾಪ, ಅವನ ಮೇಲೆ ಸುಮ್ಮನೆ ಅನುಮಾನ ಪಟ್ಟೆ. ನೀನು ಬರೆದದ್ದನ್ನು ನೋಡಿ ತಡೆಯ ಸಾಲು ಎಲ್ಲಿ ಹೋಯಿತು ಅಂತ ಅವನು ಮೊದಲೇ ಕೇಳಿದ್ದನಂತೆ, ನೀನು ಜಗಳ ಮಾಡಿದೆಯಂತೆ. ಮೂಗಿನ ತುದಿಯ ಸಿಟ್ಟು ಯಾರದು ಅಂತ ಕೇಳಬೇಡ. ನನ್ನದೇ.

ಈ ವಾರವೇ ಮುಚ್ಚಿಬಿಡುತ್ತೇನೆ ಅಂತ ನೀನು ಬರೆದಿದ್ದೆ. ನಾನು ಫೋನ್ ಮಾಡಿ, ಮುಟ್ಟಬೇಡ, ನಾನು ಹೇಳುವ ತನಕ ಹಾಗೇ ಇರಲಿ ಅಂದೆನಲ್ಲ. ನೀನು ಬೆಚ್ಚಿದೆ. ಕಾರಣ ಈಗ ಹೇಳುತ್ತೇನೆ. ಬಿಲ ಮುಚ್ಚಿದರೆ ಇಲಿ ಯಾವುದು ಅಂತ ಗೊತ್ತಾಗುವುದಿಲ್ಲ.

ಬಲೆ ಹಾಕಿದೆ. ಮೊದಲು ಗುಂಡಿ ಒತ್ತದೆ ದೇವರ ಹತ್ತಿರ ತಪ್ಪಾಯಿತು ಅಂದೆ, ನಿನ್ನನ್ನು ಪರೀಕ್ಷೆ ಮಾಡುತ್ತಿಲ್ಲ, ನಿನ್ನ ಹೆಸರಿನಲ್ಲಿ ಕೊಡುವವರನ್ನು ಮಾಡುತ್ತಿದ್ದೇನೆ ಅಂದೆ. ಆಮೇಲೆ ಗುಂಡಿ ಒತ್ತಿ, ಸ್ವಾಮಿ, ಮೊಣಕಾಲಿಗೆ ಬಿಸಿನೀರಿನ ಚೀಲ ಬೇಕು, ಹಸಿರು ಬಣ್ಣದ್ದೇ ಬೇಕು, ಬೇರೆ ಬಣ್ಣ ನೋಡಿದರೆ ನನಗೆ ಉರಿ ಜಾಸ್ತಿಯಾಗುತ್ತದೆ ಅಂದೆ. ಇಂಥ ಕೋರಿಕೆಯನ್ನು ದೇವರಾದರೆ ನಕ್ಕು ಬಿಡುತ್ತಿದ್ದ.

ನಾಲ್ಕು ದಿನ ಏನೂ ಇಲ್ಲ. ನಿನ್ನೆ ಲಾಡ್ಜಿನಿಂದ ಬಂದರೆ ನನ್ನ ದಿಂಬಿನ ಮೇಲೆ ಹಸಿರು ಚೀಲ! ನಾನು ಏನೂ ಗೊತ್ತಿಲ್ಲದವಳ ಹಾಗೆ ಊಟಕ್ಕೆ ಕೂತೆ. ನಿನ್ನ ಅಣ್ಣ ಬಾಯಿ ತುಂಬ ತುತ್ತು ಇಟ್ಟುಕೊಂಡೇ ಗೊಣಗಿದ, ಅಲ್ಲಮ್ಮ, ಕೆಂಪು ಚೀಲದಲ್ಲಿ ನೀರು ಬಿಸಿ ಇರುವುದಿಲ್ಲವಾ, ಇವಳು ಹಸಿರೇ ಬೇಕು ಅಂತ ಊರಿನ ಔಷಧಿ ಅಂಗಡಿಗಳನ್ನೆಲ್ಲ ನನ್ನ ಕೈಲಿ ಸುತ್ತಿಸಿದಳು ಅಂತ. ನಿನ್ನ ಅತ್ತಿಗೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ತುಳಿದದ್ದು ನನ್ನ ಕಾಲು.

ಸಿಕ್ಕಿಬಿದ್ದಳು. ನಾನು ಸಿಟ್ಟಿನಲ್ಲಿ ಅರ್ಧ ಊಟಕ್ಕೇ ಕೈ ತೊಳೆದುಕೊಂಡೆ. ಹೊಸದಾಗಿ ಬಂದಾಗ ನಾನು ದೇವರ ಮುಂದೆ ಹಾಡುತ್ತಿದ್ದರೆ ಕಿಸಕ್ಕನೆ ನಕ್ಕವಳು ಇವಳು. ಅದಕ್ಕೇ ತಡೆ ಹಾಕಿಸಿದ್ದು, ಈಗ ಹೇಳಿದೆ ನೋಡು. ನನ್ನ ಹಾಡಿಗೆ ನಗುವವಳು ನನ್ನ ಗೋಳನ್ನು ಕದ್ದು ಕೇಳಿದ್ದಾಳೆ. ಕಸದ ಮಾತು ಕೇಳಿದ್ದಾಳೆ, ಇವಳ ಕೈಯ ಸಾರು ಯಾರ ಮನೆಯ ಶೋಕಕ್ಕೋ ಅಂದದ್ದು ಕೇಳಿದ್ದಾಳೆ. ಆ ಇನ್ನೊಂದು ಮಾತನ್ನೂ ಕೇಳಿರಲೇಬೇಕು. ನಿನ್ನಿಂದ ಯಾಕೆ ಮುಚ್ಚಿಡಲಿ. ದೇವರೇ, ಆ ದೊಡ್ಡ ಆಸ್ಪತ್ರೆಯ ಕೆಲಸ ಅವಳಿಗೆ ದಕ್ಕದಿರಲಿ, ಹೇಗಾದರೂ ತಪ್ಪಿಸು ಅಂತ ಬೇಡಿದ್ದೆ. ಒಂದು ಸಲ ಅಲ್ಲ.

ಬರುವ ಭಾನುವಾರ ನಿನ್ನ ಅಣ್ಣನ ಎದುರಿಗೇ ಅವಳನ್ನು ಕೂರಿಸಿ ಕೇಳುತ್ತೇನೆ. ತಡೆ ಇದ್ದದ್ದು ಬಿದ್ದುಹೋದರೆ ಹೆಜ್ಜೆ ಇಡಬಹುದು ಅಂತಲ್ಲ. ಬಾಗಿಲು ತೆರೆದಿದ್ದರೂ ಕದ್ದು ಕೇಳುವುದು ಕದ್ದು ಕೇಳುವುದೇ.

ಇತಿ,
ಬಲೆ ಹಾಕಿ ಹಿಡಿದ ಅಮ್ಮ

ಮ.ಮ.: ಲಕೋಟೆ ಹೊಲಿಯುವ ಹೊತ್ತಿಗೆ ನಿನ್ನ ಅಣ್ಣ ಬಂದು ಹೇಳಿದ. ಅವಳು ಆ ಕೆಲಸ ಬೇಡ ಅಂತ ಬರೆಯುತ್ತಾಳಂತೆ, ಇನ್ನೂ ಕಳಿಸಿಲ್ಲವಂತೆ. ನಾನು ಬೇಡಿದ್ದೇ ಆಯಿತಲ್ಲ, ಖುಷಿ ಪಡಬೇಕು. ಯಾಕೋ ಆಗುತ್ತಿಲ್ಲ.


ಮಂಗಳವಾರ, ಇಪ್ಪತ್ತಾರನೇ ತಾರೀಕು

ನನ್ನ ಅಳಿಲುಮರಿಗೆ,

ಅಮ್ಮನ ಆಶೀರ್ವಾದ. ಭಾನುವಾರ ಏನಾಯಿತು ಅಂತ ನೀನು ಮೂರು ಸಲ ಫೋನ್ ಮಾಡಿದೆ, ನಾನು ಮೂರು ಸಲವೂ ಲಾಡ್ಜಿನ ಹೊದಿಕೆಗಳ ವಿಷಯ ಮಾತಾಡಿದೆ. ಈಗ ಬರೆಯುತ್ತೇನೆ.

ಕೂರಿಸಿದ್ದು ಹೌದು. ನಿನ್ನ ಅಣ್ಣ ಟೂಲ್ ಡಬ್ಬಿ ತೆರೆದು ಸ್ಪ್ಯಾನರ್ ಒರೆಸುತ್ತಿದ್ದ. ನಾನು ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಶುರು ಮಾಡುವ ಮೊದಲು, ಸುಮ್ಮನೆ ಪೀಠಿಕೆಗೆ ಅಂತ, ಆ ಕೆಲಸ ಯಾಕೆ ಬೇಡ ಅಂದೆಯಮ್ಮ ಅಂತ ಕೇಳಿದೆ. ಅಲ್ಲಿ ಸೆಕೆ ಅತ್ತೆ, ನನಗೆ ಆಗಿಬರುವುದಿಲ್ಲ ಅಂದಳು. ನೆಲ ನೋಡುತ್ತಾ ಅಂದಳು. ಬೇಸಿಗೆಯಲ್ಲೂ ಕಂಬಳಿ ಹೊದ್ದು ಮಲಗುವವಳು ಇವಳು! ಸೆಕೆಯಂತೆ! ನಾನು ಅವಳ ಮುಖ ನೋಡಿದೆ. ಸಿಕ್ಕಿಬಿದ್ದ ಕಳ್ಳಿಯ ಮುಖ ಹೀಗಿರುವುದಿಲ್ಲ. ಲಾಡ್ಜಿನಲ್ಲಿ ಕಳ್ಳಿಯರನ್ನು ಬೇಕಾದಷ್ಟು ನೋಡಿದ್ದೇನೆ, ಟವೆಲು ಸೊಂಟಕ್ಕೆ ಸುತ್ತಿಕೊಂಡು ಹೊರಟವರೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೋಗಿಬರುತ್ತೇನೆ ಅನ್ನುತ್ತಾರೆ. ಇವಳ ಮುಖ, ಕೊಟ್ಟದ್ದನ್ನು ಯಾರಿಗೂ ಗೊತ್ತಾಗದ ಹಾಗೆ ಕೊಟ್ಟವರ ಮುಖ.

ಬಾಯಿಪಾಠ ಮಾಡಿದ್ದನ್ನು ಅಲ್ಲೇ ಬಿಟ್ಟೆ. ಅದರ ಬದಲು, ಅಲ್ಲ, ನೀನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಹಾಡಿಗೆ ನಕ್ಕೆಯಲ್ಲ, ಅಷ್ಟು ಕೆಟ್ಟದಾಗಿತ್ತಾ ಅಂದುಬಿಟ್ಟೆ. ಅವಳು ಗಾಬರಿಯಾಗಿ ನಿನ್ನ ಅಣ್ಣನ ಕಡೆ ನೋಡಿದಳು. ಅವನು ಸ್ಪ್ಯಾನರ್ ಬಿಟ್ಟು ತಲೆ ಕೆರೆದುಕೊಂಡ. ಅಯ್ಯೋ ಅಮ್ಮ, ನಿನ್ನ ಬೆನ್ನ ಹಿಂದೆ ನಿಂತು ನಾನು ತಲೆ ಅಲ್ಲಾಡಿಸಿ ಅಣಕಿಸುತ್ತಿದ್ದೆ, ಇವಳು ಅದಕ್ಕೆ ನಕ್ಕಳು, ಆ ದಿನವೇ ನನಗೆ ಬೈದಳೂ ಬೈದಳು ಅಂದ. ನಲವತ್ತಕ್ಕೆ ಹತ್ತಿರ ಬಂದ ಗಂಡಸು! ಅಂದರೆ ನಾನು ತಡೆ ಹಾಕಿಸಬೇಕಾಗಿದ್ದದ್ದು ಅವನಿಗೆ. ಅವನನ್ನು ಒಳಗೆ ಬಿಟ್ಟು ಅವಳನ್ನು ಹೊರಗಿಟ್ಟೆ.

ಇಷ್ಟಾದರೂ ನನ್ನ ಸಂಶಯ ಪೂರ್ತಿ ಹೋಗಿರಲಿಲ್ಲ. ಬೇರೆಯವರ ದುಃಖ ಕೇಳುವುದು ಕೆಲವರಿಗೆ ಚಟ. ಅದಕ್ಕೇ ನಿನ್ನೆ ನಿನಗೆ ಫೋನ್ ಮಾಡಿ ಯಾರು ಯಾರು ಏನೇನು ತೆರೆದಿದ್ದಾರೆ ಹೇಳು ಅಂದದ್ದು. ನೀನು, ದೋಷ ಎಲ್ಲಿಯವರೆಗೆ ಹರಡಿದೆ ಅಂತ ತಿಳಿಯಲು ಆಗಲೇ ನೋಡಬೇಕಾಯಿತು ಅಮ್ಮ ಅಂದೆ. ಅತ್ತಿಗೆ ಮೊದಲು ತೆರೆದದ್ದು ಹಾಡು, ಪ್ರಾರ್ಥನೆಯಲ್ಲ, ಅದೇ ಹಾಡನ್ನು ಮತ್ತೆ ಮತ್ತೆ ಕೇಳಿದ್ದಾಳೆ, ಕಲಿಯುವವರು ಕೇಳುವ ಹಾಗೆ ಅಂದೆ. ಆ ಹಾಡಿನ ಬಾಲದಲ್ಲೇ ಅಲ್ಲವಾ ನಾನು ಗುಂಡಿ ಆರಿಸಲು ಮರೆತ ಮೊದಲ ಪ್ರಾರ್ಥನೆ ಇದ್ದದ್ದು! ಅವಳು ಗುನುಗುವುದು ಯಾವ ಹಾಡು ಅಂತ ಆಗ ಹೊಳೆಯಿತು. ರಾಗ ಎಷ್ಟು ತಪ್ಪಿಸುತ್ತಾಳೆ ಅಂದರೆ ಹಾಡಿದವಳಿಗೇ ಗುರುತು ಸಿಕ್ಕಿರಲಿಲ್ಲ.

ಮತ್ತೆ ನೀನು, ನಿನ್ನ ಅಣ್ಣ ಏನೇನು ತೆರೆದಿರಿ ಅಂತ ಕೇಳಿದೆ. ನಿನ್ನ ದನಿ ಸಣ್ಣದಾಯಿತು. ನಾವು ಒಂದನ್ನೂ ತೆರೆದಿಲ್ಲ ಅಮ್ಮ ಅಂದೆ. ಬೈಯಲು ಬರೆಯುತ್ತಿಲ್ಲ ಕಣೇ. ಒಪ್ಪಿಗೆ ಇದ್ದವರು ಬರಲಿಲ್ಲ, ತಡೆದವಳು ಬಂದಳು. ನಿನ್ನ ಎರಡು ಕಾನೂನುಗಳಲ್ಲೂ ಇದಕ್ಕೆ ಜಾಗ ಇಲ್ಲ ಅನ್ನಿಸುತ್ತದೆ. ಒಳಗೆ ಬರಬಹುದು ಅಂತ ಬರೆಯಬಹುದು, ಬರಬಾರದು ಅಂತ ಬರೆಯಬಹುದು. ಬರಲೇಬೇಕು ಅಂತ ಬರೆಯುವ ಸಾಲು ಯಾವ ಕಾನೂನಿನಲ್ಲೂ ಇರಲಾರದು.

ಈಗ ನಾನು ಮಾಡಿದ್ದನ್ನು ಕೇಳು. ಅವಳ ಹತ್ತಿರ ಬಾಯಿಬಿಟ್ಟು ಹೇಳಿದರೆ, ನೀನು ಕೇಳಿಸಿಕೊಂಡಿದ್ದೀಯ ಅಂತ ಗೊತ್ತು ಅಂದಂತಾಗುತ್ತದೆ. ಆಗ ಅವಳು ತಲೆ ಎತ್ತಿ ಓಡಾಡಲಾರಳು, ನನಗೂ ಆಗುವುದಿಲ್ಲ. ಹೋಗಮ್ಮ, ಆ ಕೆಲಸ ಹಿಡಿ ಅಂತ ಬರೀ ಬಾಯಿಮಾತಿಗೆ ಹೇಳಿದರೆ ನಂಬುವುದಿಲ್ಲ, ನಾನು ದೇವರ ಮುಂದೆ ಏನು ಬೇಡಿದ್ದೆ ಅನ್ನುವುದು ಅವಳಿಗೆ ಗೊತ್ತು. ಬಾಯಲ್ಲಿ ಒಂದು, ಪ್ರಾರ್ಥನೆಯಲ್ಲಿ ಒಂದು ಅಂದುಕೊಳ್ಳುತ್ತಾಳೆ. ಅದಕ್ಕೇ ಬಂದ ದಾರಿಯಲ್ಲೇ ಕಳಿಸಿದೆ. ನಿನ್ನೆ ಸಂಜೆ ಗುಂಡಿ ಒತ್ತಿ, ಮೊದಲು ಆ ಹಾಡನ್ನು ನಿಧಾನಕ್ಕೆ, ರಾಗ ಬಿಡಿಸಿ ಬಿಡಿಸಿ ಹಾಡಿದೆ, ಕಲಿಯುವವರಿಗೆ ಅನುಕೂಲವಾಗಲಿ ಅಂತ. ಆಮೇಲೆ ಹೇಳಿದೆ. ಸ್ವಾಮಿ, ಆ ಕೆಲಸ ಅವಳಿಗೆ ದಕ್ಕದಿರಲಿ ಅಂತ ಬೇಡಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ಒಬ್ಬಳೇ ಆಗುತ್ತೇನೆ ಅನ್ನುವ ಭಯದಲ್ಲಿ ಬಂದ ಮಾತು ಅದು. ಈಗ ಬಚ್ಚಲಿಗೆ ಸ್ಟೂಲಿದೆ, ಮೆಟ್ಟಿಲಿಗೆ ದೀಪ ಇದೆ, ಕಾಲಿಗೆ ಹಸಿರು ಚೀಲ ಇದೆ, ದುಡಿಯುವ ಕೈ ಇದೆ. ಅವಳು ಹೋಗಲಿ. ಅಷ್ಟು ದೊಡ್ಡ ಜಾಗದಲ್ಲಿ ಅವಳು ಕೂರುವುದನ್ನು ನಾನು ನೋಡಬೇಕು. ಅವಳು ಹೋಗದಿದ್ದರೆ ನನ್ನ ಹೊಟ್ಟೆಗೆ ಸೇರಿದ ಅನ್ನ ಅರಗುವುದಿಲ್ಲ. ಇಷ್ಟು ಹೇಳಿ, ಸಾರಿನ ವಿಷಯದಲ್ಲಿ ನಾನು ಹೇಳಿದ್ದು ಮಾತ್ರ ಸತ್ಯ ಸ್ವಾಮಿ, ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಅಂತಲೂ ಸೇರಿಸಿದೆ. ಪೂರ್ತಿ ಸಿಹಿಯಾದರೆ ಅವಳಿಗೆ ಸಂಶಯ ಬರುತ್ತದೆ. ಅವಳು ನನ್ನ ಸೊಸೆ.

ಒಂದು ಮಾತ್ರ ನನ್ನನ್ನು ಕೊರೆಯುತ್ತಿತ್ತು. ದೇವರ ಹೆಸರು ಹಿಡಿದು ಮನುಷ್ಯರಿಗೆ ಮಾತು ಕಳಿಸಿದೆನಲ್ಲ, ಇದು ಪಾಪವಲ್ಲವಾ? ಇವತ್ತು ಬೆಳಿಗ್ಗೆ ಲಾಡ್ಜಿನಲ್ಲಿ ಹೊದಿಕೆ ಮಡಚುವಾಗ, ಗುಂಡಿಯೂ ಇಲ್ಲದೆ ಬಾಯಿಯೂ ಬಿಡದೆ ಮನಸ್ಸಿನಲ್ಲೇ ಅದನ್ನೇ ಬೇಡಿ ನೋಡಿದೆ. ದಿಂಬಿನ ಚೀಲದ ಯೋಚನೆ ಮಧ್ಯೆ ಬರಲಿಲ್ಲ. ಹಾಗಾದರೆ ನಿಜವಾಗಿಯೇ ಬೇಡಿದ್ದು ಅಂತ ಸಮಾಧಾನವಾಯಿತು.

ಮಧ್ಯಾಹ್ನ ಮನೆಗೆ ಬಂದೆ. ಅಟ್ಟದ ಮೇಲಿದ್ದ ಸೂಟ್‌ಕೇಸುಗಳು ಕೆಳಗೆ ಇಳಿದಿವೆ, ಧೂಳು ಒರೆಸಿ ಗೋಡೆಗೆ ಒರಗಿಸಿದ್ದಾರೆ. ನಿನ್ನ ಅತ್ತಿಗೆ ಫೋನಿನಲ್ಲಿ ಯಾರಿಗೋ, ಹೌದು ಸರ್, ಮುಂದಿನ ತಿಂಗಳು ಬಂದು ಸೇರುತ್ತೇನೆ ಅನ್ನುತ್ತಿದ್ದಳು. ಸೆಕೆಯ ಕಥೆ ಏನಾಯಿತು ಅಂತ ನಾನು ಕೇಳಲಿಲ್ಲ. ಫ್ಯಾನು ಕೊಂಡರಾಯಿತು ಬಿಡಿ ಅತ್ತೆ ಅಂತ ಅವಳೇ ಅಂದಳು, ನಾನು ಕೇಳದೇ ಇದ್ದದ್ದಕ್ಕೆ ಉತ್ತರವಾಗಿ.

ಆದರೆ ಒಂದು ವಿಷಯ ನೋಡು. ಹೋಗುವವರು ಇಬ್ಬರು, ಇಳಿದಿರುವ ಸೂಟ್‌ಕೇಸು ಮೂರು. ಮೂರನೆಯದು ನನ್ನ ಹಳೆಯ ಕಂದು ಸೂಟ್‌ಕೇಸು, ಅದರ ಮುರಿದ ಹಿಡಿಗೆ ಯಾರೋ ಹೊಸ ಸ್ಕ್ರೂ ಹಾಕಿದ್ದಾರೆ. ನಿನ್ನ ಅಣ್ಣನನ್ನು ಕೇಳಿದರೆ, ಹೌದಾ, ಮೊದಲಿನಿಂದ ಹಾಗೇ ಇರಲಿಲ್ಲವಾ ಅಂದ. ಇದರಲ್ಲಿ ಏನೋ ಮಸಲತ್ತು ಇದೆ. ನಾನು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಕಣ್ಣಿಟ್ಟಿದ್ದೇನೆ.

ಇತಿ,
ಎಲ್ಲರ ಮೇಲೂ ಕಣ್ಣಿಟ್ಟಿರುವ ನಿನ್ನ ಅಮ್ಮ

ಮ.ಮ.: ಗಡ್ಡದವನು ನೀನು ತಿದ್ದಿದ್ದನ್ನು ಒಪ್ಪಿದ್ದಾನೆ, ಶನಿವಾರ ನಮ್ಮ ಪೆಟ್ಟಿಗೆಗೂ ಹಾಕಿ ಹಳೆಯ ಡಿಸ್ಕಿನಿಂದ ಎಲ್ಲವನ್ನೂ ಮತ್ತೆ ಸರಿಯಾಗಿ ಸಾಗಿಸುತ್ತೇನೆ ಅಂದೆಯಲ್ಲ. ಹಾಕು. ಆದರೆ ಹಳೆಯ ಡಿಸ್ಕಿನಲ್ಲಿ ನಾನು ಹಾಕಿಸಿದ ಆ ತಡೆಯ ಸಾಲು ಇನ್ನೂ ಹಾಗೇ ಇದೆಯಂತೆ, ದೋಷ ಸರಿಹೋದರೆ ಅದಕ್ಕೆ ಮತ್ತೆ ಜೀವ ಬರುತ್ತದಂತೆ. ಅದಕ್ಕೇ ಮೊದಲು ಆ ಸಾಲು ಅಳಿಸು, ಆಮೇಲೆ ಸರಿಮಾಡು. ಹಿಂದುಮುಂದು ಮಾಡಬೇಡ. ಕ್ರಮ ಮುಖ್ಯ ಅಂತ ಗೆರೆ ಎಳೆದು ಬರೆದವಳು ನೀನೇ.